ಶ್ರೀರಂಗಪಟ್ಟಣದ ಕೋಟೆ ‘ಫ್ರೆಂಚರು ಕಟ್ಟಿದ ಕ್ಯಾಸಲ್’ ಹೌದಾ? ಫಾರ್ವರ್ಡ್ ಮಾಡುವ ಮುನ್ನ ಓದಿ

ಶ್ರೀರಂಗಪಟ್ಟಣದ ಕೋಟೆ ಬಗ್ಗೆ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಓಡಾಡುವ ಸಂದೇಶಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಇದನ್ನು ಫ್ರೆಂಚ್ ಇಂಜಿನಿಯರುಗಳು ಕಟ್ಟಿದ್ದು, ಇದು ಯುರೋಪಿನ ಕ್ಯಾಸಲ್ ಮಾದರಿ. ಭಾರತದ ಎರಡನೇ ಅತಿ ಬಲಿಷ್ಠ ಕೋಟೆ. ಗಾರೆಗೆ ಮೊಟ್ಟೆ, ಬೆಲ್ಲ ಹಾಕಿದ್ದರಿಂದ ಫಿರಂಗಿಗೂ ಜಗ್ಗಲಿಲ್ಲ. ಒಳಗಿನವರು ಮೋಸ ಮಾಡಿದ್ದಕ್ಕೇ ಬಿತ್ತು. ಒಳಗಿಂದ ಮೈಸೂರಿಗೆ ಸುರಂಗ ಇದೆ, ಅದರಲ್ಲಿ ನಿಧಿ ಇದೆ. ಕೊನೆಯಲ್ಲಿ ‘ನಿಜವಾದ ಕನ್ನಡಿಗರಾದರೆ ಹತ್ತು ಜನಕ್ಕೆ ಕಳಿಸಿ’ ಅನ್ನುವ ಸಾಲು ಇದ್ದೇ ಇರುತ್ತದೆ.

ಚುಟುಕಾಗಿ ಹೇಳುವುದಾದರೆ, ಈ ಕೋಟೆ ಕ್ಯಾಸಲ್ ಅಲ್ಲ, ಇದರ ಮೂಲ ನಕ್ಷೆ ಫ್ರೆಂಚರದ್ದೂ ಅಲ್ಲ. ಇದರ ನಿಜವಾದ ಬಲ ಇದ್ದದ್ದು ಕಾವೇರಿ ನದಿಯಲ್ಲಿ. ಇದನ್ನು ಕೆಡವಿದ್ದು ಮಾತ್ರ ಅಪ್ಪಟ ಯುರೋಪಿನ ಲೆಕ್ಕಾಚಾರ.

ಮೊದಲು ಫೋಟೋ ನೋಡಿ

ಇಂಥ ಸಂದೇಶಗಳ ಜೊತೆ ಬರುವ ಚಿತ್ರ ಬಹಳ ಸಲ ಶ್ರೀರಂಗಪಟ್ಟಣದ್ದಾಗಿರುವುದೇ ಇಲ್ಲ. ಮೇಲಿನಿಂದ ತೆಗೆದ ನಕ್ಷತ್ರದ ಆಕಾರದ ಕೋಟೆ ಕಂಡರೆ ಅದು ಸಕಲೇಶಪುರದ ಹತ್ತಿರದ ಮಂಜರಾಬಾದ್ ಕೋಟೆ. ಟಿಪ್ಪು ಕಾಲದ್ದೇ, 1792ರಲ್ಲಿ ಮುಗಿದದ್ದು. ಎಂಟು ಮೂಲೆಯ ಆ ಕೋಟೆ ಮಾತ್ರ ನಿಜವಾಗಿಯೂ ಫ್ರೆಂಚ್ ಶೈಲಿಯ ನಕ್ಷೆಯಲ್ಲಿದೆ. ಅಂದರೆ ಫಾರ್ವರ್ಡು ಹೇಳುವ ಮಾತು ಪೂರ್ತಿ ಸುಳ್ಳಲ್ಲ, ಊರು ತಪ್ಪಿದೆ ಅಷ್ಟೆ.

ಇನ್ನು ಚೂಪು ಗೋಪುರಗಳ, ಬಿಳಿ ಗೋಡೆಯ, ಬೆಟ್ಟದ ತುದಿಯ ಅರಮನೆಯಂಥ ಚಿತ್ರ ಬಂದರೆ ಅದು ಜರ್ಮನಿಯ ಬವೇರಿಯಾದಲ್ಲಿರುವ ನಾಯ್‌ಶ್ವಾನ್‌ಸ್ಟೈನ್. ‘ಯುರೋಪಿನ ಪ್ರಾಚೀನ ಕೋಟೆ’ ಎಂದು ಪ್ರಪಂಚದಲ್ಲೆಲ್ಲ ಹಂಚಲಾಗುವ ಚಿತ್ರ ಇದು. ಆದರೆ ಎರಡನೇ ಲುಡ್ವಿಗ್ ಎಂಬ ರಾಜ ಅದರ ಕೆಲಸ ಶುರು ಮಾಡಿಸಿದ್ದು 1869ರಲ್ಲಿ. ಶ್ರೀರಂಗಪಟ್ಟಣ ಬಿದ್ದು ಅಷ್ಟೊತ್ತಿಗೆ 70 ವರ್ಷ ಕಳೆದಿತ್ತು. ಅಲ್ಲಿ ಯಾವ ಯುದ್ಧವನ್ನೂ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಲಿಲ್ಲ, ರಾಜನಿಗೆ ಹಳೇ ಕಾಲದ ಕಥೆಗಳ ಮೇಲಿದ್ದ ಹುಚ್ಚು ಅದು.

ಕ್ಯಾಸಲ್ ಬೇರೆ, ನಮ್ಮ ಕೋಟೆ ಬೇರೆ

ಇಂಗ್ಲಿಷಿನ ಕ್ಯಾಸಲ್ ಅನ್ನುವ ಮಾತಿಗೆ ನಾವು ಸುಲಭವಾಗಿ ಕೋಟೆ ಅಂತೀವಿ. ಆದರೆ ಕ್ಯಾಸಲ್ ಮೂಲತಃ ಒಬ್ಬ ಒಡೆಯನ ಮನೆ. ಅವನು, ಅವನ ಸಂಸಾರ, ಆಳುಗಳು, ಸಿಪಾಯಿಗಳು ಇರುವ, ರಕ್ಷಣೆಯನ್ನೂ ಕೊಡುವ ಮನೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದಾಗ ಊರೂರಿಗೆ ಎಬ್ಬಿಸಿದ್ದು ಮಣ್ಣಿನ ದಿಬ್ಬ, ಅದರ ಮೇಲೊಂದು ಮರದ ಗೋಪುರ, ಸುತ್ತ ಬೇಲಿ. ಆಮೇಲೆ ಅದು ಕಲ್ಲಿಗೆ ತಿರುಗಿತು. ಲಂಡನ್ನಿನ ಬಿಳಿ ಗೋಪುರ ಹಾಗೆ ಬಂದದ್ದು. ನಡುವಿನ ಆ ದೊಡ್ಡ ಗೋಪುರಕ್ಕೆ ಫ್ರೆಂಚಿನಲ್ಲಿ ‘ಡೊಂಜೊನ್’ ಎನ್ನುತ್ತಿದ್ದರು. ಅದೇ ಮಾತು ಇಂಗ್ಲಿಷಿಗೆ ಹೋಗಿ ‘ಡಂಜನ್’ ಆಗಿ ಸೆರೆಮನೆ ಎಂಬ ಅರ್ಥ ಪಡೆಯಿತು. ಶ್ರೀರಂಗಪಟ್ಟಣದಲ್ಲಿ ನೀವು ನೋಡುವ ‘ಕರ್ನಲ್ ಬೈಲಿ ಡಂಜನ್’ ಬೋರ್ಡಿನ ಮೂಲ ಅಲ್ಲಿದೆ. ಹೆಸರು ಮಾತ್ರ ಯುರೋಪಿನದು, ಕಮಾನು ಚಾವಣಿಯ ಆ ಕಟ್ಟಡ ಇಲ್ಲಿನದು.

ನಮ್ಮ ಕಡೆಯ ಕೋಟೆ ಒಬ್ಬರ ಮನೆ ಆಗಿರಲಿಲ್ಲ, ಊರೇ ಅದರೊಳಗಿರುತ್ತಿತ್ತು. ಪಟ್ಟಣದ ಕೋಟೆಯೊಳಗೆ ಗಂಗರ ಕಾಲದಿಂದ ಬೆಳೆದುಬಂದ ರಂಗನಾಥಸ್ವಾಮಿ ದೇವಸ್ಥಾನ ಇದೆ, ಎರಡು ಎತ್ತರದ ಮಿನಾರುಗಳ ಮಸೀದಿ ಇದೆ, ಅರಮನೆ ಇತ್ತು, ಪೇಟೆ ಇತ್ತು, ಮನೆಗಳಿದ್ದವು. ಈಗಲೂ ಜನ ವಾಸವಾಗಿದ್ದಾರೆ. ನಾಗಮಂಗಲದಲ್ಲೂ ಒಳಕೋಟೆ, ಹೊರಕೋಟೆ ಎಂದು ಎರಡಿದ್ದವು. ಹೊರಕೋಟೆ ಕಟ್ಟಿಸಿದ್ದು ಜಗದೇವರಾಯ ಎಂದು ಹಳೆಯ ಗೆಜೆಟಿಯರು ಹೇಳುತ್ತದೆ. ಊರು ಬೆಳೆದಂತೆ ಗೋಡೆಯೂ ಒಂದು ಸುತ್ತು ಹೊರಗೆ ಹೋಗುತ್ತಿತ್ತು.

ಕ್ಯಾಸಲ್ ಬಗ್ಗೆಯೂ ಇಂಥವೇ ಕಥೆಗಳಿವೆ ಅನ್ನುವುದು ಸ್ವಲ್ಪ ಸಮಾಧಾನದ ವಿಷಯ. ಅಲ್ಲಿನ ಸುರುಳಿ ಮೆಟ್ಟಿಲುಗಳನ್ನು ಬಲಗೈ ಬಂಟರಿಗೆ ಕತ್ತಿ ಬೀಸಲು ಅನುಕೂಲವಾಗಲಿ ಎಂದೇ ಬಲಕ್ಕೆ ತಿರುಗಿಸಿದ್ದರು ಎನ್ನುವ ರೀಲ್ಸ್ ನೀವೂ ನೋಡಿರಬಹುದು. ಈ ಮಾತು ಹಬ್ಬಿದ್ದು 1902ರಲ್ಲಿ ಥಿಯಡೋರ್ ಕುಕ್ ಎಂಬ ಲೇಖಕ ಬರೆದ ಮೇಲೆ. ಮಧ್ಯಯುಗದ ದಾಖಲೆಗಳ ಆಧಾರ ಅದಕ್ಕಿಲ್ಲ, ಎಡಕ್ಕೆ ತಿರುಗುವ ಮೆಟ್ಟಿಲುಗಳೂ ಕ್ಯಾಸಲುಗಳಲ್ಲಿ ಇವೆ.

ಫಿರಂಗಿ ಬಂತು, ಎತ್ತರ ಹೋಯಿತು

ಏಣಿ ಹಾಕಿ ಹತ್ತುವವರನ್ನು ತಡೆಯಲು ಗೋಡೆ ಎತ್ತರ ಇರಬೇಕು. ಆದರೆ ಫಿರಂಗಿಗೆ ಎತ್ತರದ ಗೋಡೆ ಅಂದರೆ ದೊಡ್ಡ ಗುರಿ. 24 ಪೌಂಡಿನ ಫಿರಂಗಿಯ ಕಬ್ಬಿಣದ ಗುಂಡು ಸುಮಾರು 11 ಕಿಲೋ ತೂಗುತ್ತದೆ. ಅದು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊಡೆದರೆ, 1,000 ಕಿಲೋ ತೂಕದ ಕಾರು ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಬಂದು ಗುದ್ದಿದಷ್ಟು ಶಕ್ತಿ. ಅದೂ ಒಂದು ತೆಂಗಿನಕಾಯಿಗಿಂತ ದೊಡ್ಡದಲ್ಲದ ಜಾಗದ ಮೇಲೆ. ಒಂದೇ ಕಡೆ ಬುಡಕ್ಕೆ ಹೊಡೆಯುತ್ತಾ ಹೋದರೆ ಎತ್ತರದ ಗೋಡೆ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಕುಸಿದ ಕಲ್ಲುಮಣ್ಣು ಕಂದಕ ತುಂಬಿ, ಹತ್ತುವವರಿಗೆ ಅದೇ ಮೆಟ್ಟಿಲಾಗುತ್ತದೆ.

1494ರಲ್ಲಿ ಫ್ರಾನ್ಸಿನ ರಾಜ ಎಂಟನೇ ಚಾರ್ಲ್ಸ್ ಫಿರಂಗಿಗಳನ್ನು ಎಳೆದುಕೊಂಡು ಇಟಲಿಗೆ ನುಗ್ಗಿದಾಗ ಅಲ್ಲಿನ ಹಳೇ ಕೋಟೆಗಳು ಒಂದೊಂದಾಗಿ ಬಿದ್ದವು. ಅಲ್ಲಿಂದ ಮುಂದೆ ಇಟಲಿಯವರು ಗೋಡೆ ತಗ್ಗಿಸಿದರು, ದಪ್ಪ ಮಾಡಿದರು, ಹಿಂದೆ ಮಣ್ಣು ತುಂಬಿದರು. ಕಲ್ಲು ಪೆಟ್ಟಿಗೆ ಒಡೆಯುತ್ತದೆ, ಮಣ್ಣು ಪೆಟ್ಟನ್ನು ನುಂಗಿಕೊಳ್ಳುತ್ತದೆ. ಗದ್ದೆಯ ಕೆಸರಿಗೆ ಕಲ್ಲೆಸೆದರೆ ಏನಾಗುತ್ತದೋ ಹಾಗೆ.

ಇನ್ನೊಂದು ಬದಲಾವಣೆ ಬುರುಜಿನ ಆಕಾರದಲ್ಲಿ. ದುಂಡು ಬುರುಜಿನ ಮುಂದುಗಡೆ ಬುಡದಲ್ಲಿ ಒಂದು ಕುರುಡು ಜಾಗ ಉಳಿಯುತ್ತದೆ. ಅಂಗಡಿಯ ಸಿಸಿಟಿವಿ ಕ್ಯಾಮೆರಾದ ಸರಿ ಕೆಳಗೆ ನಿಂತವನು ಕ್ಯಾಮೆರಾಗೆ ಕಾಣುವುದಿಲ್ಲವಲ್ಲ, ಅದೇ ಥರ. ಶತ್ರು ಅಲ್ಲಿ ಸೇರಿಕೊಂಡರೆ ಪಕ್ಕದ ಬುರುಜಿನವರಿಗೂ ಅವನು ಸಿಗುವುದಿಲ್ಲ. ಬುರುಜನ್ನು ಬಾಣದ ಮೊನೆಯಂತೆ ಚೂಪು ಮಾಡಿದರೆ ಆ ಕುರುಡು ಜಾಗ ಹೋಗುತ್ತದೆ, ಒಂದು ಬುರುಜು ಇನ್ನೊಂದರ ಕಾವಲು ಕಾಯುತ್ತದೆ. ನಕ್ಷತ್ರದ ಆಕಾರ ಬಂದದ್ದು ಈ ಲೆಕ್ಕದಿಂದ, ಚೆಂದಕ್ಕಲ್ಲ. ಈ ವಿದ್ಯೆಯ ದೊಡ್ಡ ಮೇಷ್ಟ್ರು ಫ್ರಾನ್ಸಿನ ವೊಬಾನ್ (1633–1707). ಆತ ಕೋಟೆ ಕಟ್ಟುವುದರಲ್ಲಿ ಎಷ್ಟು ಪಳಗಿದ್ದನೋ ಕೆಡವುವುದರಲ್ಲೂ ಅಷ್ಟೇ. 1673ರಲ್ಲಿ ಮಾಸ್ಟ್ರಿಕ್ಟ್ ಮುತ್ತಿಗೆಯಲ್ಲಿ ಆತ ಒಂದು ಕ್ರಮ ತೋರಿಸಿದ. ಕೋಟೆಗೆ ಎದುರಾಗಿ ಉದ್ದಕ್ಕೆ ಒಂದು ಅಗಳು ತೋಡುವುದು, ಅಲ್ಲಿಂದ ಹಾವಿನಂತೆ ಅಂಕುಡೊಂಕಾಗಿ ತೋಡುತ್ತಾ ಮುಂದೆ ಹೋಗುವುದು, ಮತ್ತೆ ಉದ್ದಕ್ಕೆ ಒಂದು ಅಗಳು. ಹೀಗೆ ತಲೆ ಎತ್ತದೆ ಗೋಡೆಯ ಹತ್ತಿರದವರೆಗೆ ಫಿರಂಗಿ ತಂದು ಒಂದೇ ಜಾಗಕ್ಕೆ ಹೊಡೆಯುವುದು. ಈ ಕ್ರಮವನ್ನು ನೆನಪಿಡಿ, ಮುಂದೆ ಇದು ಪಟ್ಟಣಕ್ಕೆ ಬರುತ್ತದೆ.

ಹಾಗಾದರೆ ಕಟ್ಟಿದವರು ಯಾರು?

ಗೆಜೆಟಿಯರು ದಾಖಲಿಸಿರುವ ಸ್ಥಳೀಯ ಇತಿಹಾಸದ ಪ್ರಕಾರ ಶ್ರೀರಂಗಪಟ್ಟಣದ ಮೊದಲ ಕೋಟೆ 1454ರದ್ದು. ಕಟ್ಟಿಸಿದ್ದು ನಾಗಮಂಗಲದ ಹೆಬ್ಬಾರ ತಿಮ್ಮಣ್ಣ. ವಿಜಯನಗರಕ್ಕೆ ಹೋಗಿ ದಣ್ಣಾಯಕ ಎಂಬ ಬಿರುದನ್ನೂ ಕೋಟೆ ಕಟ್ಟಲು ಅಪ್ಪಣೆಯನ್ನೂ ತಂದ. ಖರ್ಚಿಗೆ ಅವನಿಗೊಂದು ನಿಧಿ ಸಿಕ್ಕಿತ್ತಂತೆ! ಈ ಕೋಟೆಯ ಕಥೆಗೆ ನಿಧಿ ಅಂಟಿಕೊಂಡದ್ದು ವಾಟ್ಸ್‌ಆ್ಯಪ್ ಬಂದ ಮೇಲೆ ಅಲ್ಲ ಅನ್ನಿ.

1610ರಲ್ಲಿ ಕೋಟೆ ವಿಜಯನಗರದ ಪ್ರತಿನಿಧಿ ತಿರುಮಲನಿಂದ ರಾಜ ಒಡೆಯರ್ ಕೈಗೆ ಬಂತು. ಕಂಠೀರವ ನರಸರಾಜ ಒಡೆಯರ್ ಕಾಲದಲ್ಲಿ (1638–1659) ಬಿಜಾಪುರದ ರಣದುಲ್ಲಾ ಖಾನನ ದಾಳಿ ತಡೆದು, ಆಮೇಲೆ ಮತ್ತಷ್ಟು ಭದ್ರವಾಯಿತು. ಹೈದರ್ ಮತ್ತು ಟಿಪ್ಪು ಅದನ್ನು ಹಿಗ್ಗಿಸಿದರು. 1792ರ ಸೋಲಿನ ನಂತರ ಟಿಪ್ಪು ಒಳಗೊಂದು ಗೋಡೆ, ಎರಡರ ನಡುವೆ ಬಂಡೆ ಕಡಿದು ಆಳವಾದ ಕಂದಕ ಮಾಡಿಸಿದ. ಅಂದರೆ ಮೂರೂವರೆ ಶತಮಾನಗಳಿಗೆ ಹತ್ತಿರದ ಕೆಲಸ ಅದು, ಒಬ್ಬ ಇಂಜಿನಿಯರು ಕೂತು ಬರೆದ ನಕ್ಷೆಯಲ್ಲ.

ಫ್ರೆಂಚರ ಸಂಬಂಧವೇ ಇರಲಿಲ್ಲವೇ? ಇತ್ತು. ಪಾಂಡವಪುರದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಿರೋಡೆ ಎಂದಿದ್ದ ಊರಿನ ಹತ್ತಿರ ಹೈದರ್, ಟಿಪ್ಪು ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಅದಕ್ಕೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಬಂದು, ಪಾಂಡವಪುರ ಆಗುವ ತನಕ ನಡೆಯಿತು. ಆದರೆ ಸೈನಿಕರು ಇದ್ದರು ಎಂದ ಮಾತ್ರಕ್ಕೆ ಕೋಟೆ ಅವರದಾಗುವುದಿಲ್ಲ. 1798ರಲ್ಲಿ ಮಾರಿಷಸ್ಸಿನಿಂದ ಟಿಪ್ಪುವಿನ ನೆರವಿಗೆ ಬಂದವರು ಸುಮಾರು ನೂರು ಜನ. ಅಷ್ಟರಲ್ಲಿ ಕೋಟೆ ಬಹುಪಾಲು ಎದ್ದು ನಿಂತಿತ್ತು.

ಇದಕ್ಕಿಂತ ಗಟ್ಟಿ ಸಾಕ್ಷಿ ಫ್ರಾನ್ಸಿಸ್ ಬುಕಾನನ್. ಕೋಟೆ ಬಿದ್ದ ಮರುವರ್ಷ, 1800ರಲ್ಲಿ, ಕಂಪನಿಯ ಪರವಾಗಿ ಮೈಸೂರು ಸೀಮೆ ಸುತ್ತಲು ಬಂದ ವೈದ್ಯ ಆತ. ಟಿಪ್ಪು ಜೊತೆಗಿದ್ದ ಫ್ರೆಂಚರ ಸಲಹೆ ಕೇಳಿದಂತೆ ಕಾಣುವುದಿಲ್ಲ, ಹಳೆಯ ಭಾರತೀಯ ಪದ್ಧತಿಯಲ್ಲೇ ಗೋಡೆಯ ಮೇಲೆ ಗೋಡೆ ಪೇರಿಸಿದ್ದಾನೆ ಎಂದು ಆತ ಟೀಕಿಸುತ್ತಾನೆ. ಗೆದ್ದವರ ಕಡೆಯವನ ಮಾತು, ಸ್ವಲ್ಪ ತಾತ್ಸಾರ ಇದ್ದೇ ಇದೆ. ಆದರೂ ಕೋಟೆ ಫ್ರೆಂಚರ ಕೆಲಸದಂತೆ ಕಂಡಿದ್ದರೆ ಹಾಗೆ ಬರೆಯಲು ಆತನಿಗೆ ಯಾವ ಅಡ್ಡಿಯೂ ಇರಲಿಲ್ಲ. ‘ಎರಡನೇ ಬಲಿಷ್ಠ ಕೋಟೆ’ ಅನ್ನುವುದಂತೂ ಯಾರು, ಯಾವ ಅಳತೆಗೋಲಿನಲ್ಲಿ ಕೊಟ್ಟ ರ‍್ಯಾಂಕು? ಅಂಥ ಪಟ್ಟಿಯೇ ಇಲ್ಲ.

ನಿಜವಾದ ಕಂದಕ ಕಾವೇರಿ

ಕೋಟೆ ಇರುವುದು ದ್ವೀಪದ ಪಶ್ಚಿಮದ ತುದಿಯಲ್ಲಿ, ಕಾವೇರಿ ಎರಡು ಕವಲಾಗುವ ಕಡೆ. ಯುರೋಪಿನಲ್ಲಿ ರಾಜರು ಕಂದಕ ತೋಡಿಸಿ ನೀರು ತುಂಬಿಸಬೇಕಿತ್ತು. ಇಲ್ಲಿ ಕೊಡಗಿನ ಮಳೆ ಆ ಕೆಲಸ ಮಾಡುತ್ತಿತ್ತು. ಕನ್ನಂಬಾಡಿ ಕಟ್ಟೆ ಇಲ್ಲದ ಕಾಲ, ಮಳೆಗಾಲದಲ್ಲಿ ಹೊಳೆ ತುಂಬಿದರೆ ಸೈನ್ಯ ದಾಟುವ ಮಾತೇ ಇಲ್ಲ.

1771ರಲ್ಲಿ ಚಿನಕುರಳಿ ಹತ್ತಿರ ಮರಾಠರಿಂದ ಹೈದರ್ ನುಚ್ಚುನೂರಾಗಿ ಸೋತ. ಓಡಿಬಂದು ಸೇರಿಕೊಂಡದ್ದು ಈ ಕೋಟೆಯನ್ನೇ. ಮರಾಠರು ಬೆನ್ನಟ್ಟಿ ಬಂದು ಸುತ್ತುವರಿದರೂ ಒಳಗೆ ಬರಲಾಗಲಿಲ್ಲ.

1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಬಂದ. ಅರಕೆರೆ ಹತ್ತಿರ ನಡೆದ ಕಾಳಗದಲ್ಲಿ ಗೆದ್ದ, ಕೋಟೆ ಕಣ್ಣೆದುರೇ ಇತ್ತು. ಆದರೆ ಮಳೆ ಹಿಡಿಯಿತು, ಮೇವಿಲ್ಲದೆ ಎತ್ತುಗಳು ಸತ್ತವು, ಸೈನಿಕರಿಗೆ ಅಕ್ಕಿ ಇಲ್ಲ. ಕನ್ನಂಬಾಡಿ ತನಕ ಹೋದರೂ ಹೊಳೆ ದಾಟಿ ಇನ್ನೊಂದು ಸೈನ್ಯವನ್ನು ಕೂಡಿಕೊಳ್ಳಲಾಗಲಿಲ್ಲ. ಕೊನೆಗೆ ಎಳೆದೊಯ್ಯಲಾಗದ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಬೆಂಗಳೂರಿಗೆ ಹಿಂತಿರುಗಿದ. ಮರುವರ್ಷ ಫೆಬ್ರವರಿಯಲ್ಲಿ, ಹೊಳೆ ಇಳಿದಿದ್ದಾಗ ಬಂದು ದ್ವೀಪಕ್ಕೆ ನುಗ್ಗಿದ. ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳನ್ನು ಕೊಡಬೇಕಾಯಿತು. ಆಗಲೂ ಗೋಡೆ ಮಾತ್ರ ಒಡೆದಿರಲಿಲ್ಲ.

1799ರಲ್ಲಿ ಜನರಲ್ ಹ್ಯಾರಿಸ್ ಏಪ್ರಿಲ್ ಮೊದಲ ವಾರ ಮುತ್ತಿಗೆ ಹಾಕಿದ. ಎರಡೂ ಕಡೆಗೆ ಗೊತ್ತಿದ್ದದ್ದು ಒಂದೇ: ಮಳೆ ಬರುವವರೆಗೆ ಕೋಟೆ ನಿಂತರೆ ಟಿಪ್ಪು ಗೆದ್ದಂತೆ. ಹ್ಯಾರಿಸನ ಉಗ್ರಾಣದಲ್ಲಿ ಅಕ್ಕಿ ಮುಗಿಯುತ್ತಾ ಬಂದಿತ್ತು. ವೊಬಾನನ ಪಾಠದ ಪ್ರಕಾರವೇ ಅಗಳು ತೋಡುತ್ತಾ ಸೈನ್ಯ ಮುಂದೆ ಬಂತು. ತೋಟಗದ್ದೆಗೆ ನೀರು ಹಾಯಿಸುವ ನಾಲೆಯ ಏರಿಯೇ ಅವರಿಗೆ ಮರೆಯಾಯಿತು. ಆ ನಾಲೆಯ ಹತ್ತಿರದ ಸುಲ್ತಾನ್‌ಪೇಟೆ ತೋಪಿನಲ್ಲಿ ರಾತ್ರಿ ನುಗ್ಗಿ, ಕತ್ತಲಲ್ಲಿ ದಾರಿ ತಪ್ಪಿ ಹಿಮ್ಮೆಟ್ಟಿದ ಅಧಿಕಾರಿ ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು.

ಪಶ್ಚಿಮದ ಗೋಡೆಯ ಒಂದೇ ಜಾಗಕ್ಕೆ ಗುಂಡು ಸುರಿಯುತ್ತಾ ಹೋದರು. ಮೇ 2ರಂದು ಕೋಟೆಯೊಳಗೆ ರಾಕೆಟ್ಟುಗಳ ಮದ್ದಿನ ದಾಸ್ತಾನು ಸಿಡಿಯಿತು. ಮೇ 3ರ ಹೊತ್ತಿಗೆ ಜನ ಹತ್ತುವಷ್ಟು ಗೋಡೆ ಕುಸಿದಿತ್ತು. ಮೇ 4ರ ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ, ಬಿಸಿಲಿಗೆ ಕಾವಲಿನವರು ಊಟ, ವಿಶ್ರಾಂತಿಯಲ್ಲಿರುತ್ತಾರೆ ಎಂದು ಲೆಕ್ಕ ಹಾಕಿ, 4,000ಕ್ಕೂ ಹೆಚ್ಚು ಜನ ನುಗ್ಗಿದರು. ಮುಂದಾಳು ಡೇವಿಡ್ ಬೇರ್ಡ್, ಹಿಂದೆ ಇದೇ ಊರಿನಲ್ಲಿ ಮೂರೂವರೆ ವರ್ಷ ಸೆರೆಯಾಳಾಗಿದ್ದವನು. ಸುಮಾರು 250 ಮೀಟರ್ ಅಗಲದ ಹೊಳೆ, ಬೇಸಿಗೆಯ ತಗ್ಗು ನೀರು, ಕಲ್ಲುಬಂಡೆ. ಅಗಳಿನಿಂದ ಎದ್ದು ಕುಸಿದ ಗೋಡೆಯ ಮೇಲೆ ಬಾವುಟ ನೆಡಲು ಏಳು ನಿಮಿಷವೂ ಹಿಡಿಯಲಿಲ್ಲ ಎಂದು ಕಂಪನಿಯವರೇ ಬರೆದಿಟ್ಟಿದ್ದಾರೆ.

ಮೇಲೆ ಹತ್ತಿದವರಿಗೆ ಎದುರಾದದ್ದು ಟಿಪ್ಪು ಹೊಸದಾಗಿ ಮಾಡಿಸಿದ್ದ ಒಳಕಂದಕ. ಅದು ಅವರನ್ನು ನಿಲ್ಲಿಸಬೇಕಿತ್ತು. ಆದರೆ ಕೆಲಸಗಾರರು ಓಡಾಡಲು ಬಿಟ್ಟಿದ್ದ ಕಿರಿದಾದ ದಾಟುದಾರಿ ಸಿಕ್ಕಿಬಿಟ್ಟಿತು. ಎರಡು ದಂಡಾಗಿ ಗೋಡೆಯ ಮೇಲೇ ಎಡಕ್ಕೂ ಬಲಕ್ಕೂ ಹರಡಿಕೊಂಡರು. ಉತ್ತರದ ಗೋಡೆಯಲ್ಲಿ ಟಿಪ್ಪು ಸ್ವತಃ ನಿಂತು ಹೋರಾಡಿ, ಅಲ್ಲಿನ ಬಾಗಿಲ ಬಳಿ ಸತ್ತ.

ಈಗ ಮೋಸದ ಮಾತು. ಮೀರ್ ಸಾದಿಕ್ ಸಂಬಳದ ನೆಪ ಹೇಳಿ ಕಾವಲಿನವರನ್ನು ಆ ಜಾಗದಿಂದ ಕರೆಸಿಕೊಂಡ ಎಂಬ ಕಥೆ ಜನರ ಬಾಯಲ್ಲಿ ಗಟ್ಟಿಯಾಗಿ ಉಳಿದಿದೆ, ಆವತ್ತೇ ಅವನನ್ನು ಕೋಟೆಯ ಸೈನಿಕರೇ ಕೊಂದದ್ದೂ ನಿಜ. ಆದರೆ ‘ಬಾಗಿಲು ತೆರೆದುಕೊಟ್ಟರು’ ಅನ್ನುವುದು ತಪ್ಪು. ಸೈನ್ಯ ಬಾಗಿಲಿಂದ ಬರಲೇ ಇಲ್ಲ, ಒಡೆದ ಗೋಡೆಯಿಂದ ಬಂತು. ಆ ಗೋಡೆ ಒಡೆಯಲು ತಿಂಗಳು ಪೂರ್ತಿ ಅಗೆದಿದ್ದರು. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅನ್ನುವ ಜಗಳ ಈ ಲೇಖನದ್ದಲ್ಲ. ಎರಡೂ ಕಡೆಯವರು ಹಂಚುವ ಸಂದೇಶಗಳಲ್ಲಿ ಈ ಬಾಗಿಲಿನ ತಪ್ಪು ಮಾತ್ರ ಸಮಾನವಾಗಿದೆ.

ಮೊಟ್ಟೆ, ಬೆಲ್ಲ, ಗಾರೆ

ಸುಣ್ಣದ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುವ ಪದ್ಧತಿ ದಕ್ಷಿಣ ಭಾರತದಲ್ಲಿ ಇದ್ದದ್ದೇ. ನುಣುಪಾದ ಗಿಲಾವಿಗೆ ಮೊಟ್ಟೆಯ ಬಿಳಿ ಸೇರಿಸುತ್ತಿದ್ದದ್ದೂ ಉಂಟು. ಬೆಲ್ಲದಿಂದ ಗಾರೆ ಬೇಗ ಬಿಗಿಯದೆ ಕೆಲಸಕ್ಕೆ ಹದವಾಗಿರುತ್ತದೆ. ಆಮೇಲೆ ಸುಣ್ಣ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ವರ್ಷಗಟ್ಟಲೆ ನಿಧಾನಕ್ಕೆ ಮತ್ತೆ ಕಲ್ಲಿನಂತಾಗುತ್ತದೆ. ಇಟ್ಟಿಗೆ ಪುಡಿ ಸೇರಿಸಿದರೆ ಒದ್ದೆ ಜಾಗದಲ್ಲೂ ಗಟ್ಟಿಯಾಗುತ್ತದೆ. ಒಳ್ಳೆಯ ವಿದ್ಯೆಯೇ, ಆದರೆ ಫಿರಂಗಿ ಗುಂಡಿಗೆ ಉತ್ತರ ಅದಲ್ಲ. ಪೆಟ್ಟು ತಡೆಯುವುದು ಗೋಡೆಯ ದಪ್ಪ ಮತ್ತು ಹಿಂದಿನ ಮಣ್ಣು. ಹತ್ತಿರದಿಂದ ಒಂದೇ ಕಡೆ ಹೊಡೆದಾಗ ಈ ಕೋಟೆಯ ಗೋಡೆಯೂ ಕೆಲವೇ ದಿನಗಳಲ್ಲಿ ಬಿತ್ತು.

ಸುರಂಗ ಹುಡುಕಿ ಹೊರಟವರಿಗೆ

ಮೈಸೂರಿಗೆ ಸುರಂಗ ಅಂದರೆ ಹೊಳೆಯ ತಳದ ಗಟ್ಟಿ ಬಂಡೆಯನ್ನು ಕೊರೆದು, ನೀರು ಜಿನುಗದಂತೆ ತಡೆದು, ಗಾಳಿ ಬೆಳಕಿಗೆ ವ್ಯವಸ್ಥೆ ಮಾಡಿ, ಹತ್ತಾರು ಕಿಲೋಮೀಟರ್ ತೋಡಬೇಕು. ಪಂಪು, ಡೈನಮೈಟು ಎರಡೂ ಇಲ್ಲದ ಕಾಲ. ಅಂಥದ್ದು ಇದ್ದಿದ್ದರೆ ಮೇ 4ರಂದು ಟಿಪ್ಪುವಿನ ಮನೆಯವರು ಅರಮನೆಯಲ್ಲೇ ಸೆರೆ ಸಿಗುತ್ತಿರಲಿಲ್ಲ.

ಜನ ಸುರಂಗ ಎಂದು ತೋರಿಸುವುದು ಸಾಮಾನ್ಯವಾಗಿ ಮೂರರಲ್ಲಿ ಒಂದು: ಗೋಡೆಯ ಬುಡದ ದಿಡ್ಡಿ ಬಾಗಿಲು, ನೀರು ಹೋಗುವ ಮೋರಿ, ಇಲ್ಲವೇ ನೆಲದೊಳಗೆ ಅರ್ಧ ಹುದುಗಿಸಿ ಕಟ್ಟಿದ ಮದ್ದಿನ ಮನೆ. ಅಂಥ ಒಂದು ಮದ್ದಿನ ಮನೆ ರೈಲ್ವೆ ಜೋಡಿಹಳಿಗೆ ಅಡ್ಡ ಬಂದಾಗ 2017ರಲ್ಲಿ ಇಡೀ ಕಟ್ಟಡವನ್ನೇ ಬುಡಸಮೇತ ಎತ್ತಿ ಸುಮಾರು ನೂರು ಮೀಟರ್ ಆಚೆಗೆ ಸರಿಸಿದರು. ಅದರಡಿ ಸುರಂಗವೂ ಸಿಗಲಿಲ್ಲ, ಹೊನ್ನೂ ಸಿಗಲಿಲ್ಲ.

ಈ ಸಂದೇಶ ತಮಾಷೆಯಾಗಿ ಮುಗಿಯುವುದಿಲ್ಲ ಅನ್ನುವುದೇ ತೊಂದರೆ. ನಿಧಿ ಆಸೆಗೆ ಹಳೇ ಗುಡಿ, ಕೋಟೆ ಅಗೆಯುವುದು ನಮ್ಮ ರಾಜ್ಯದಲ್ಲಿ ಹೊಸತಲ್ಲ. ಬುಡ ಅಗೆದ ಬುರುಜು ಮುಂದಿನ ಮಳೆಗೆ ಜಾರುತ್ತದೆ, ಕೆಳಗೆ ಮನೆಗಳಿರುತ್ತವೆ. ಸಂರಕ್ಷಿತ ಸ್ಮಾರಕ ಹಾಳು ಮಾಡಿದರೆ 1958ರ ಕಾಯ್ದೆಯಂತೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಇನ್ನು ನಿಜಕ್ಕೂ ನಿಧಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಕಾನೂನಿನ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಗೋಡೆ ಒಡೆದ ಜಾಗವನ್ನು ಈಗಲೂ ನೋಡಬಹುದು. ಪಶ್ಚಿಮದ ಗೋಡೆಯ ಹತ್ತಿರ 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಕಲ್ಲಿನ ಕಂಬ ಇದೆ. ಬೇಸಿಗೆಯಲ್ಲಿ ಅಲ್ಲಿ ನಿಂತು ಕೆಳಗೆ ನೋಡಿದರೆ ಹೊಳೆಯ ಬಂಡೆಗಳು ಕಾಣುತ್ತವೆ. ಫೋಟೋ ತೆಗೆದು ಗ್ರೂಪಿಗೆ ಹಾಕುವುದಾದರೆ ಆ ಜಾಗದ್ದೇ ಹಾಕಿ, ತೆಗೆದ ತಿಂಗಳನ್ನೂ ಬರೆಯಿರಿ. ಏಪ್ರಿಲ್ಲಿನಲ್ಲಿ ಕಾಣುವ ಹೊಳೆ ಬೇರೆ, ಕಟ್ಟೆಯಿಂದ ನೀರು ಬಿಟ್ಟ ಜುಲೈನಲ್ಲಿ ಕಾಣುವ ಹೊಳೆಯೇ ಬೇರೆ.